ಎಐ ಸಹಾಯಕನಿಗೆ ಪ್ರಾಜೆಕ್ಟ್ ನೆನಪಿರಬೇಕಾದರೆ ಏನನ್ನು ಬರೆದಿಡಬೇಕು?

ಎಐ ಜೊತೆ ಕೋಡ್ ಬರೆಯುವ ತಂಡಗಳ ಹತ್ತಿರ ಹೋದಾಗಲೆಲ್ಲ ಒಂದೇ ದೂರು ಕಿವಿಗೆ ಬೀಳುತ್ತದೆ. ನಿನ್ನೆ ಅಷ್ಟು ಬಿಡಿಸಿ ಹೇಳಿದ್ದೆ, ಇವತ್ತು ಮತ್ತೆ ಅದೇ ತಪ್ಪು ಮಾಡುತ್ತಿದೆ! ಪ್ಯಾಕೇಜ್ ಹಾಕಲು ಪಿಎನ್‌ಪಿಎಂ ಬಳಸು ಅಂದಿದ್ದರೂ ಎನ್‌ಪಿಎಂ ಓಡಿಸುತ್ತದೆ, ಮುಟ್ಟಬೇಡ ಅಂದ ಫೋಲ್ಡರಿಗೇ ಕೈ ಹಾಕುತ್ತದೆ. ಟೂಲ್ ಬದಲಾಯಿಸಿದರೆ ಇದು ಸರಿಹೋಗುವುದಿಲ್ಲ. ಭಾಷಾ ಮಾಡೆಲ್‌ಗೆ ಒಂದು ಸೆಷನ್‌ನಿಂದ ಇನ್ನೊಂದಕ್ಕೆ ತಾನಾಗಿ ಏನೂ ಉಳಿಯುವುದಿಲ್ಲ. ಹೊಸ ಸೆಷನ್ ತೆರೆದಾಗ ಅದರ ಮುಂದೆ ಏನು ಬರೆದಿದೆಯೋ, ನಿಮ್ಮ ಪ್ರಾಜೆಕ್ಟ್ ಬಗ್ಗೆ ಅದಕ್ಕೆ ಗೊತ್ತಿರುವುದು ಅಷ್ಟೇ. ನಾವು ಪ್ರಾಜೆಕ್ಟ್ ಮೆಮೊರಿ ಅಂತ ಕರೆಯುವುದು ಹೆಚ್ಚಿನ ಕಡೆ ಒಂದು ಸಾದಾ ಮಾರ್ಕ್‌ಡೌನ್ ಫೈಲ್, ಅಂದರೆ ಸರಳ ಗುರುತುಗಳಿರುವ ಪಠ್ಯದ ಫೈಲ್. ಸೆಷನ್ ಶುರುವಾದಾಗ ಟೂಲ್ ಅದನ್ನು ಓದಿ ಮಾತುಕತೆಗೆ ಸೇರಿಸಿಕೊಳ್ಳುತ್ತದೆ. ಬೇರೆ ಮಾಯೆ ಏನೂ ಇಲ್ಲ.

ಇದು ತಿಳಿದರೆ ಇನ್ನೊಂದು ವಿಷಯವೂ ತಿಳಿಯುತ್ತದೆ. ಆ ಫೈಲಿನ ಪ್ರತಿ ಸಾಲನ್ನೂ ಟೂಲ್ ಪ್ರತಿ ಸಲ ಓದುತ್ತದೆ, ಪ್ರತಿ ಸಲ ಟೋಕನ್ (ಮಾಡೆಲ್ ಪಠ್ಯವನ್ನು ಓದುವ ಚಿಕ್ಕ ತುಂಡು) ಖರ್ಚಾಗುತ್ತದೆ. ಫೈಲ್ ಉದ್ದವಾದಷ್ಟೂ ಒಂದೊಂದು ಸಾಲಿನ ಮೇಲಿನ ಗಮನ ಕಡಿಮೆಯಾಗುತ್ತದೆ. ಹಾಗಾಗಿ ಎಲ್ಲಿ ಇಡಬೇಕು ಅನ್ನುವುದಕ್ಕಿಂತ ಏನು ಬರೆಯಬೇಕು ಅನ್ನುವುದೇ ದೊಡ್ಡ ಕೆಲಸ.

ಎಲ್ಲಿ ಅನ್ನುವುದನ್ನು ಬೇಗ ಮುಗಿಸುತ್ತೇನೆ. ಒಂದೊಂದು ಎಐ ಕೋಡಿಂಗ್ ಟೂಲ್ ಒಂದೊಂದು ಹೆಸರಿನ ಫೈಲ್ ಹುಡುಕುತ್ತದೆ. ಕ್ಲಾಡ್ ಕೋಡ್ ಪ್ರಾಜೆಕ್ಟಿನ ಮೂಲ ಫೋಲ್ಡರಿನಲ್ಲಿ ಕ್ಲಾಡ್.ಎಂಡಿ ಅನ್ನುವ ಫೈಲ್ ಹುಡುಕುತ್ತದೆ, ಜೆಮಿನಿ ಸಿಎಲ್‌ಐ ಜೆಮಿನಿ.ಎಂಡಿ ಹುಡುಕುತ್ತದೆ. ಗಿಟ್‌ಹಬ್ ಕೋಪೈಲಟ್‌ಗೆ ಡಾಟ್-ಗಿಟ್‌ಹಬ್ ಫೋಲ್ಡರಿನ ಒಳಗೆ ಕೋಪೈಲಟ್-ಇನ್‌ಸ್ಟ್ರಕ್ಷನ್ಸ್.ಎಂಡಿ ಬೇಕು. ಕರ್ಸರ್‌ಗೆ ಡಾಟ್-ಕರ್ಸರ್ ಒಳಗೆ ರೂಲ್ಸ್ ಫೋಲ್ಡರ್ ಇದೆ. ಈ ಗೊಂದಲ ತಪ್ಪಲಿ ಅಂತ 2025ರಲ್ಲಿ ಏಜೆಂಟ್ಸ್.ಎಂಡಿ ಅನ್ನುವ ಸಾಮಾನ್ಯ ಹೆಸರು ಬಂತು. ಕೋಡೆಕ್ಸ್, ಕರ್ಸರ್, ಕೋಪೈಲಟ್ ಎಲ್ಲವೂ ಅದನ್ನು ಓದುತ್ತವೆ. ತಂಡದಲ್ಲಿ ಒಬ್ಬೊಬ್ಬರು ಒಂದೊಂದು ಟೂಲ್ ಬಳಸುತ್ತಿದ್ದರೆ ವಿಷಯವನ್ನೆಲ್ಲ ಏಜೆಂಟ್ಸ್.ಎಂಡಿಯಲ್ಲಿ ಇಡಿ. ಕ್ಲಾಡ್.ಎಂಡಿಯಲ್ಲಿ ಅದನ್ನು ಆಟ್ ಚಿಹ್ನೆ ಹಾಕಿ ಕರೆಸಿಕೊಳ್ಳುವ ಒಂದೇ ಸಾಲು ಸಾಕು. ಎರಡು ಪ್ರತಿ ಮಾತ್ರ ಇಡಬೇಡಿ, ಸ್ವಲ್ಪ ದಿನಕ್ಕೆ ಅವೆರಡೂ ಬೇರೆ ಬೇರೆ ಮಾತು ಹೇಳಲು ಶುರು ಮಾಡುತ್ತವೆ.

ಈಗ ಏನು ಬರೆಯಬೇಕು ಅನ್ನುವುದು. ಕ್ಲಾಡ್ ಕೋಡ್‌ನಲ್ಲಿ ಸ್ಲ್ಯಾಶ್ ಇನಿಟ್ ಅಂತ ಕೊಟ್ಟರೆ ಅದೇ ಪ್ರಾಜೆಕ್ಟ್ ಓದಿ ಒಂದು ಫೈಲ್ ಬರೆದುಕೊಡುತ್ತದೆ. ಶುರು ಮಾಡಲು ಒಳ್ಳೆಯದೇ. ಆದರೆ ಬಹಳ ಜನ ಅಲ್ಲಿಗೇ ನಿಲ್ಲಿಸುತ್ತಾರೆ. ಅದು ಬರೆಯುವುದರಲ್ಲಿ ಜಾಸ್ತಿ ಪಾಲು ಯಾವ ಫೋಲ್ಡರಿನಲ್ಲಿ ಏನಿದೆ, ಯಾವ ಫ್ರೇಮ್‌ವರ್ಕ್ ಇದೆ ಅನ್ನುವುದು. ಕೋಡ್ ನೋಡಿ ಬರೆದದ್ದನ್ನು ಮುಂದಿನ ಸಲವೂ ಕೋಡ್ ನೋಡಿಯೇ ತಿಳಿದುಕೊಳ್ಳಬಹುದು, ಅಲ್ವಾ? ಬಿಲ್ಡ್ ಮತ್ತು ಟೆಸ್ಟ್ ಓಡಿಸುವ ಕಮಾಂಡ್‌ಗಳನ್ನು ಉಳಿಸಿಕೊಂಡು ಉಳಿದದ್ದನ್ನು ಧೈರ್ಯವಾಗಿ ಅಳಿಸಿ. ಆ ಜಾಗಕ್ಕೆ ಬರಬೇಕಾದದ್ದು ಕೋಡ್ ಎಷ್ಟು ಓದಿದರೂ ಗೊತ್ತಾಗದ ವಿಷಯ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹಾಲು ಸೊಸೈಟಿಗೆ ಕನ್ನಡದಲ್ಲಿ ಬಿಲ್ ಕೊಡುವ ಆಪ್. ಬೆಳಿಗ್ಗೆ, ಸಂಜೆ ರೈತರು ಹಾಲು ಹಾಕುತ್ತಾರೆ. ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡಿ ಚಾರ್ಟ್ ಪ್ರಕಾರ ಲೀಟರಿಗೆ ರೇಟ್ ಬೀಳುತ್ತದೆ. ರೈತರ ಹೆಸರನ್ನು ಕನ್ನಡದಲ್ಲೇ ಉಳಿಸಬೇಕು, ಕನ್ನಡದಲ್ಲೇ ಹುಡುಕಬೇಕು. ಹೆಸರನ್ನು ಸ್ವಚ್ಛ ಮಾಡುವ ಫಂಕ್ಷನ್ ಬರೆದುಕೊಡು ಅಂತ ಕೇಳಿದರೆ ಎಐ ಸಾಮಾನ್ಯವಾಗಿ ಕಣ್ಣಿಗೆ ಕಾಣದ ಅಕ್ಷರಗಳನ್ನೆಲ್ಲ ಕಿತ್ತುಹಾಕುವ ಕೋಡ್ ಬರೆಯುತ್ತದೆ. ಇಂಗ್ಲಿಷ್ ಪಠ್ಯಕ್ಕೆ ಅದರಿಂದ ತೊಂದರೆ ಕಡಿಮೆ. ಕನ್ನಡದಲ್ಲಿ ಹಾಗಲ್ಲ. ಯೂನಿಕೋಡಿನಲ್ಲಿ ಝಡ್‌ಡಬ್ಲ್ಯೂಎನ್‌ಜೆ ಅಂತ ಒಂದು ಕಾಣದ ಅಕ್ಷರ ಇದೆ. ಪಕ್ಕಪಕ್ಕದ ಎರಡು ವ್ಯಂಜನ ಸೇರಿ ಒತ್ತಕ್ಷರ ಆಗದಂತೆ ತಡೆಯುವುದು ಅದೇ. ಅದನ್ನು ಕಿತ್ತರೆ "ರಾಜ್‌ಕುಮಾರ್" ಹೋಗಿ "ರಾಜ್ಕುಮಾರ್" ಆಗುತ್ತದೆ. ಬಿಲ್ಲಿನಲ್ಲಿ ತನ್ನ ಹೆಸರನ್ನು ಹಾಗೆ ನೋಡಲು ಯಾರಿಗೂ ಇಷ್ಟವಾಗುವುದಿಲ್ಲ.

ಹಾಗಂತ "ಕಾಣದ ಅಕ್ಷರ ತೆಗೆಯಬೇಡ" ಅಂತ ಒಂದು ಸಾಲು ಬರೆದರೆ ಆಯಿತೇ? ಆಗುವುದಿಲ್ಲ. ಹೆಸರು ಹುಡುಕುವಾಗ ಒಬ್ಬರು ಆ ಅಕ್ಷರ ಹಾಕಿ ಟೈಪ್ ಮಾಡುತ್ತಾರೆ, ಇನ್ನೊಬ್ಬರು ಹಾಕದೆ. ಎರಡಕ್ಕೂ ಅದೇ ರೈತ ಸಿಗಬೇಕು. ಅಂದರೆ ಹುಡುಕುವ ಕೀಲಿಯಲ್ಲಿ (ಹೋಲಿಸಿ ನೋಡಲು ಇಟ್ಟುಕೊಳ್ಳುವ ಹೆಸರಿನ ಪ್ರತಿಯಲ್ಲಿ) ಅದನ್ನು ತೆಗೆಯಲೇಬೇಕು, ಉಳಿಸುವ ಹೆಸರಿನಲ್ಲಿ ಮುಟ್ಟಲೇಬಾರದು. ಇದರ ಜೊತೆಗೆ ಇನ್ನೊಂದು. "ಕೊ" ಅನ್ನುವುದನ್ನು ಕ ಮತ್ತು ಒಂದೇ ಸ್ವರಚಿಹ್ನೆಯಾಗಿಯೂ ಇಡಬಹುದು, ಆ ಚಿಹ್ನೆಯನ್ನು ಎ ಚಿಹ್ನೆ, ಊ ಚಿಹ್ನೆ ಅಂತ ಎರಡಾಗಿ ಬಿಡಿಸಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಹಾಗಾಗಿ ಉಳಿಸುವ ಮುಂಚೆ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಬಿಡಿಸಿದ್ದನ್ನು ಒಂದೇ ಚಿಹ್ನೆಯಾಗಿ ಕೂಡಿಸಿದ ರೂಪಕ್ಕೆ, ತರಬೇಕು.

ಇದನ್ನು ಮೆಮೊರಿ ಫೈಲಿನಲ್ಲಿ ನಾನು ಬರೆಯುವುದು ಹೀಗೆ: "ಸದಸ್ಯರ ಹೆಸರನ್ನು ಎನ್‌ಎಫ್‌ಸಿ ಮಾಡಿ ಉಳಿಸು, ಝಡ್‌ಡಬ್ಲ್ಯೂಎನ್‌ಜೆ ತೆಗೆಯಬೇಡ, ತೆಗೆದರೆ ಬಿಲ್ಲಿನಲ್ಲಿ ಹೆಸರು ಕೆಡುತ್ತದೆ. ಹುಡುಕುವ ಕೀಲಿಯಲ್ಲಿ ಮಾತ್ರ ತೆಗೆ." ಇನ್ನೊಂದು: "ಹಳೆಯ ರೇಟ್ ಚಾರ್ಟ್ ಅಳಿಸಬೇಡ, ತಿದ್ದಬೇಡ. ಹೊಸ ರೇಟ್ ಬಂದರೆ ಹೊಸ ದಿನಾಂಕದ ಸಾಲು ಸೇರಿಸು. ಹಿಂದಿನ ಬಿಲ್ ಮತ್ತೆ ಪ್ರಿಂಟ್ ಮಾಡಿದಾಗ ಆ ದಿನದ ರೇಟೇ ಬರಬೇಕು." ಪ್ರತಿಯೊಂದರಲ್ಲೂ ಏನು ಮಾಡಬೇಕು ಅನ್ನುವುದಿದೆ, ಏಕೆ ಅನ್ನುವುದೂ ಇದೆ. ಕಾರಣ ಬರೆದಿದ್ದರೆ ನಾವು ಊಹಿಸದ ಜಾಗದಲ್ಲೂ ಟೂಲ್ ಸರಿಯಾಗಿ ನಡೆದುಕೊಳ್ಳುತ್ತದೆ. ನಾಳೆ ಯಾರೋ ಎಸ್‌ಎಂಎಸ್ ಕಳಿಸುವ ಭಾಗ ಬರೆಸುವಾಗ ಅಲ್ಲೂ ಹೆಸರನ್ನು ಕೆಡಿಸುವುದಿಲ್ಲ. "ಕ್ಲೀನ್ ಕೋಡ್ ಬರೆ", "ಎಚ್ಚರಿಕೆಯಿಂದ ಕೆಲಸ ಮಾಡು" ಅಂತ ಬರೆದಿರುವ ಫೈಲುಗಳನ್ನು ಬೇಕಾದಷ್ಟು ನೋಡಿದ್ದೇನೆ. ಅವು ಸುಮ್ನೆ ಜಾಗ ತಿನ್ನುತ್ತವೆ. ಅದರಂತೆ ನಡೆದಿದೆಯೋ ಇಲ್ಲವೋ ಅಂತ ಪರೀಕ್ಷಿಸಲು ಬಾರದ ಸಾಲು ಆ ಫೈಲಿಗೆ ಬೇಡ.

ದೊಡ್ಡ ನಿರ್ಧಾರಗಳ ಪೂರ್ತಿ ಕಥೆಯನ್ನೂ ಅಲ್ಲಿ ತುಂಬಬೇಡಿ. ಅದಕ್ಕೆ 2011ರಲ್ಲಿ ಸಾಫ್ಟ್‌ವೇರ್ ತಜ್ಞ ಮೈಕೆಲ್ ನೈಗಾರ್ಡ್ ಹೇಳಿಕೊಟ್ಟ ಹಳೆಯ ಪದ್ಧತಿಯೇ ಚೆನ್ನಾಗಿದೆ. ಒಂದು ನಿರ್ಧಾರಕ್ಕೆ ಒಂದು ಚಿಕ್ಕ ಫೈಲ್, ಅದರಲ್ಲಿ ಸಂದರ್ಭ, ನಿರ್ಧಾರ, ಪರಿಣಾಮ. ಅವನ್ನು ಡಾಕ್ಸ್ ಫೋಲ್ಡರಿನಲ್ಲಿಟ್ಟು, ಮೆಮೊರಿ ಫೈಲಿನಲ್ಲಿ "ಪೇಮೆಂಟ್ ಭಾಗ ಮುಟ್ಟುವ ಮುಂಚೆ ಇದನ್ನು ಓದು" ಅಂತ ದಾರಿ ತೋರಿಸಿದರೆ ಸಾಕು. ಕ್ಲಾಡ್ ಕೋಡ್‌ನವರು ಈ ಫೈಲ್ 200 ಸಾಲಿನೊಳಗೆ ಇರಲಿ ಅನ್ನುತ್ತಾರೆ. ನನಗೆ ಅದೂ ಜಾಸ್ತಿ ಅನ್ನಿಸುತ್ತದೆ. ಪ್ರಿಂಟಿಂಗ್ ಭಾಗಕ್ಕೆ ಮಾತ್ರ ಬೇಕಾದ ನಿಯಮವನ್ನು ಆ ಫೋಲ್ಡರಿನ ಒಳಗಿನ ಕ್ಲಾಡ್.ಎಂಡಿಯಲ್ಲೇ ಇಡಿ, ಟೂಲ್ ಅಲ್ಲಿನ ಫೈಲ್ ತೆರೆದಾಗ ಮಾತ್ರ ಅದು ಒಳಗೆ ಬರುತ್ತದೆ. ಕನ್ನಡದಲ್ಲೇ ಬರೆಯಬಹುದೇ ಅಂತಲೂ ಕೇಳುತ್ತಾರೆ. ಬರೆಯಬಹುದು, ಅರ್ಥವಾಗುತ್ತದೆ. ಆದರೆ ಅದೇ ವಿಷಯಕ್ಕೆ ಇಂಗ್ಲಿಷಿಗಿಂತ ಜಾಸ್ತಿ ಟೋಕನ್ ಹಿಡಿಯುತ್ತದೆ, ಹಾಗಾಗಿ ಇನ್ನೂ ಚುಟುಕಾಗಿ ಬರೆಯಿರಿ.

ಒಂದು ವಿಷಯವನ್ನು ಒತ್ತಿ ಹೇಳಲೇಬೇಕು. ಮೆಮೊರಿ ಫೈಲ್ ಬೀಗ ಅಲ್ಲ. ಮಾಡೆಲ್ ಅದನ್ನು ಓದುತ್ತದೆ, ಬಹುಪಾಲು ಪಾಲಿಸುತ್ತದೆ, ಕೆಲವೊಮ್ಮೆ ಪಾಲಿಸುವುದಿಲ್ಲ. ಏನೇ ಆದರೂ ಆಗಲೇಬಾರದು ಅನ್ನುವುದನ್ನು ಕೇವಲ ಅಲ್ಲಿ ಬರೆದು ನಿದ್ದೆ ಮಾಡಬೇಡಿ. ರೇಟ್ ಚಾರ್ಟಿನ ಹಳೆಯ ಸಾಲು ತಿದ್ದಲು ಡೇಟಾಬೇಸೇ ಬಿಡಬಾರದು. ಝಡ್‌ಡಬ್ಲ್ಯೂಎನ್‌ಜೆ ಇರುವ ಹೆಸರುಗಳಿಗೆ ಒಂದು ಟೆಸ್ಟ್ ಇರಬೇಕು. ನಿಜವಾದ ಡೇಟಾಬೇಸಿನ ಪಾಸ್‌ವರ್ಡ್ ಟೂಲಿನ ಕೈಗೆ ಸಿಗಲೇಬಾರದು. ಕ್ಲಾಡ್ ಕೋಡ್‌ನಲ್ಲಿ ಅನುಮತಿ ನಿಯಮ, ಹುಕ್ (ಟೂಲ್ ಒಂದು ಹೆಜ್ಜೆ ಇಡುವಾಗ ತಾನಾಗಿ ಓಡುವ ಕಮಾಂಡ್) ಇರುವುದು ಇದಕ್ಕೇ. ಪಾಸ್‌ವರ್ಡ್, ಕೀಗಳನ್ನಂತೂ ಮೆಮೊರಿ ಫೈಲಿನಲ್ಲಿ ಬರೆಯಲೇಬೇಡಿ. ಆ ಫೈಲ್ ತಂಡದ ಕೋಡ್ ಇಡುವ ಗಿಟ್‌ಗೂ ಹೋಗುತ್ತದೆ, ಮಾಡೆಲ್ ನಡೆಸುವ ಕಂಪನಿಯ ಸರ್ವರಿಗೂ ಹೋಗುತ್ತದೆ.

ಕ್ಲಾಡ್ ಕೋಡ್ ಈಗ ತಾನೇ ಟಿಪ್ಪಣಿ ಮಾಡಿಕೊಳ್ಳುವುದನ್ನೂ ಕಲಿತಿದೆ. ಕೆಲಸದ ನಡುವೆ ಗೊತ್ತಾದದ್ದನ್ನು ಬರೆದಿಟ್ಟು ಮುಂದಿನ ಸಲ ಓದಿಕೊಳ್ಳುತ್ತದೆ. ಒಳ್ಳೆಯ ಸೌಲಭ್ಯ, ಆದರೆ ಅದು ಇರುವುದು ನಿಮ್ಮ ಕಂಪ್ಯೂಟರಿನಲ್ಲಿ. ಪಕ್ಕದ ಸೀಟಿನವರಿಗೆ ಸಿಗುವುದಿಲ್ಲ. ಆಗಾಗ ಸ್ಲ್ಯಾಶ್ ಮೆಮೊರಿ ಕೊಟ್ಟು ಏನು ಬರೆದುಕೊಂಡಿದೆ ನೋಡಿ. ತಪ್ಪು ತಿಳಿದುಕೊಂಡಿದ್ದರೆ ಅಳಿಸಿ, ಎಲ್ಲರಿಗೂ ಬೇಕಾದದ್ದಿದ್ದರೆ ತಂಡದ ಫೈಲಿಗೆ ತನ್ನಿ. ನಿಮಗೆ ಮಾತ್ರ ಇಷ್ಟವಾದ ಪದ್ಧತಿಗಳನ್ನು ಹೋಮ್ ಫೋಲ್ಡರಿನಲ್ಲಿರುವ ನಿಮ್ಮ ಸ್ವಂತ ಫೈಲಿನಲ್ಲಿ ಇಟ್ಟುಕೊಳ್ಳಿ, ತಂಡದ ಮೇಲೆ ಹೇರಬೇಡಿ.

ಹಳೆಯದಾದ ಸಾಲು, ಸಾಲೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು, ಏಕೆಂದರೆ ಟೂಲ್ ಅದನ್ನು ನಂಬುತ್ತದೆ. ಬಿಲ್ಡ್ ಕಮಾಂಡ್ ಬದಲಾದರೆ ಅದೇ ಪುಲ್ ರಿಕ್ವೆಸ್ಟಿನಲ್ಲಿ (ಕೋಡ್ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆಯಲ್ಲಿ) ಈ ಫೈಲೂ ಬದಲಾಗಬೇಕು, ರಿವ್ಯೂ ಮಾಡುವವರು ಅದನ್ನು ಕೇಳಬೇಕು. ಒಂದು ಸಾಲು ಇನ್ನೂ ಬೇಕೋ ಬೇಡವೋ ಅನ್ನುವ ಅನುಮಾನ ಬಂದರೆ ಅದನ್ನು ತೆಗೆದು, ಹೊಸ ಸೆಷನ್ ತೆರೆದು, ಯಾವ ಸುಳಿವೂ ಕೊಡದೆ ಆ ಸಾಲಿಗೆ ಸಂಬಂಧಪಟ್ಟ ಚಿಕ್ಕ ಕೆಲಸ ಕೊಡಿ. ಹೆಸರು ಉಳಿಸುವ ಫಂಕ್ಷನ್ ಬರೆಸಿ ನೋಡಿ, ಉದಾಹರಣೆಗೆ. ಒಂದು ಸಲ ನೋಡಿದರೆ ಸಾಲದು, ಉತ್ತರ ಸಲಕ್ಕೊಂದು ಥರ ಬರಬಹುದು. ಎರಡು ಮೂರು ಸೆಷನ್‌ನಲ್ಲೂ ಸರಿಯಾಗಿ ಬರೆದರೆ ಆ ಸಾಲು ಹೋಗಲಿ. ಒಂದರಲ್ಲಾದರೂ ಎಡವಿದರೆ ವಾಪಸ್ ಹಾಕಿ, ಕಾರಣವನ್ನು ಇನ್ನೂ ಸ್ಪಷ್ಟವಾಗಿ ಬರೆದು.