ರೆಮ್ಡೆಸಿವಿರ್ ಕೊಟ್ಟ ಮೇಲೆ ಪಲ್ಸ್ ಇಳಿದರೆ ಹೃದಯ ಹಾಳಾಯಿತು ಅಂತಲೇ?

ಪ್ರಶ್ನೆ: ಕೋವಿಡ್ ಬಂದು ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ್ದೆವು. ವೈರಸ್ ತಡೆಯುವ ರೆಮ್ಡೆಸಿವಿರ್ ಶುರು ಮಾಡಿದ ಎರಡನೇ ದಿನ ಪಲ್ಸ್ ನಿಮಿಷಕ್ಕೆ 48ಕ್ಕೆ ಇಳಿಯಿತು. ಈ ಇಂಜೆಕ್ಷನ್‌ನಿಂದ ಹೃದಯಕ್ಕೆ ಏಟು ಬೀಳುತ್ತದಾ?

ಉತ್ತರ: ಸಾಮಾನ್ಯವಾಗಿ ಇಲ್ಲ. ಬಡಿತ ನಿಧಾನವಾಗುವುದೇ ಬೇರೆ, ಹೃದಯದ ಸ್ನಾಯುವಿಗೆ ಪೆಟ್ಟಾಗುವುದೇ ಬೇರೆ. ರೆಮ್ಡೆಸಿವಿರ್ ಪಡೆದ ಕೆಲವರಲ್ಲಿ ಮೊದಲನೆಯದು ಕಾಣಿಸುತ್ತದೆ. ಔಷಧಿ ನಿಲ್ಲಿಸಿದ ಮೇಲೆ ಹೆಚ್ಚಿನವರಲ್ಲಿ ತಾನಾಗಿಯೇ ಸರಿಹೋಗುತ್ತದೆ.

ಯಾಕೆ ಹೀಗೆ? ನಮ್ಮ ದೇಹದಲ್ಲಿ ಅಡೆನೊಸಿನ್ ಅನ್ನುವ ವಸ್ತುವಿದೆ. ವೈರಸ್ ತನ್ನ ಆರ್‌ಎನ್‌ಎ ನಕಲು ಮಾಡಿಕೊಳ್ಳಲು ಬಳಸುವ ಸಾಮಗ್ರಿಯಲ್ಲೂ ಅದು ಸೇರಿದೆ. ರೆಮ್ಡೆಸಿವಿರ್ ಅದರ ವೇಷ ಹಾಕಿ ನಡುವೆ ನುಗ್ಗಿ ನಕಲನ್ನು ತಡೆಯುತ್ತದೆ. ಆದರೆ ಅಸಲಿ ಅಡೆನೊಸಿನ್‌ಗೆ ಇನ್ನೊಂದು ಗುಣವಿದೆ. ಅದು ಹೃದಯದ ಬಡಿತವನ್ನು ನಿಧಾನ ಮಾಡುತ್ತದೆ. ಕೆಲವು ಬಗೆಯ ವಿಪರೀತ ಬಡಿತವನ್ನು ಹತೋಟಿಗೆ ತರಲು ಎಮರ್ಜೆನ್ಸಿಯಲ್ಲಿ ವೈದ್ಯರು ಅದನ್ನೇ ಚುಚ್ಚುತ್ತಾರೆ. ಅದರ ಪ್ರಭಾವ ಕೆಲವೇ ಸೆಕೆಂಡು. ರೆಮ್ಡೆಸಿವಿರ್ ದೇಹದಲ್ಲಿ ಒಡೆದು ಉಳಿಯುವ ಅಂಶ ಮಾತ್ರ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಒಂದು ದಿನಕ್ಕಿಂತ ಜಾಸ್ತಿ ಬೇಕು. ಬಡಿತ ಇಳಿಯಲು ಅಡೆನೊಸಿನ್ ಜೊತೆಗಿನ ಈ ಹೋಲಿಕೆಯೇ ಕಾರಣ ಅನ್ನುವುದು ಸದ್ಯಕ್ಕೆ ಹೆಚ್ಚಾಗಿ ಕೊಡುವ ವಿವರಣೆ. ಮೊದಲ ದಿನ 200 ಮಿಲಿಗ್ರಾಂ, ಆಮೇಲೆ ದಿನಕ್ಕೆ 100 ಮಿಲಿಗ್ರಾಂ ಕೊಡುವುದರಿಂದ ಆ ಅಂಶ ರಕ್ತದಲ್ಲಿ ಉಳಿದೇ ಇರುತ್ತದೆ. ಹಾಗಾಗಿ ಡ್ರಿಪ್ ಮುಗಿದ ತಕ್ಷಣ ಪಲ್ಸ್ ಏರಬೇಕು ಅಂತ ಕಾಯುವುದರಲ್ಲಿ ಅರ್ಥವಿಲ್ಲ.

2021ರ ಕೋವಿಡ್ ಎರಡನೇ ಅಲೆಯಲ್ಲಿ ಈ ಔಷಧಿಯ ವಯಲ್‌ಗಾಗಿ (ಪುಟ್ಟ ಬಾಟಲಿ) ಜನ ಕಾಳಸಂತೆಯಲ್ಲಿ ಅಲೆದರು. ಬೆಂಗಳೂರಿನಲ್ಲೇ ಮೈಲಾನ್ ಕಂಪನಿ ಇದನ್ನು ತಯಾರಿಸುತ್ತಿದ್ದರೂ ಆ ಪಾಡು! ವಯಲ್ ಸಿಕ್ಕರೆ ಸಾಕು ಅನ್ನುವ ಆ ಗಡಿಬಿಡಿಯಲ್ಲಿ ಪಲ್ಸ್ ಬಗ್ಗೆ ಕೇಳುವವರು ಎಲ್ಲಿ?

ಎಲ್ಲ ತಪ್ಪನ್ನೂ ಇಂಜೆಕ್ಷನ್ ಮೇಲೆ ಹೊರಿಸುವುದೂ ಸರಿಯಲ್ಲ. ಕೋವಿಡ್‌ನಲ್ಲೇ ಕೆಲವರಿಗೆ ಜ್ವರವಿದ್ದರೂ ಪಲ್ಸ್ ಅದಕ್ಕೆ ತಕ್ಕಷ್ಟು ಏರುವುದಿಲ್ಲ. ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್, ಡಿಲ್ಟಿಯಾಜೆಮ್ ತೆಗೆದುಕೊಳ್ಳುವವರಿಗೆ ಬಡಿತ ಮೊದಲೇ ಕಮ್ಮಿ ಇರುತ್ತದೆ. ಪೊಟ್ಯಾಸಿಯಂ ಏರುಪೇರಾದರೂ ಬಡಿತದ ಲಯ ಕೆಡಬಹುದು. ಅದಕ್ಕೇ ವಾರ್ಡಿನಲ್ಲಿ ಇಸಿಜಿ ತೆಗೆಯುತ್ತಾರೆ, ರಕ್ತ ಪರೀಕ್ಷೆಗೆ ಕಳಿಸುತ್ತಾರೆ.

48 ಅನ್ನುವ ಅಂಕಿಗಿಂತ ರೋಗಿ ಹೇಗಿದ್ದಾರೆ ಅನ್ನುವುದು ಮುಖ್ಯ. ಎಚ್ಚರವಾಗಿ ಮಾತಾಡುತ್ತಿದ್ದು ಬಿಪಿ ಸರಿಯಿದ್ದರೆ ಎಷ್ಟೋ ಸಲ ಮಾನಿಟರ್ ನೋಡುತ್ತಾ ಕೋರ್ಸ್ ಮುಗಿಸುತ್ತಾರೆ. ತಲೆ ಸುತ್ತು, ಬಿಪಿ ಕುಸಿತ, ಎದೆನೋವು, ಎಚ್ಚರ ತಪ್ಪುವುದು ಕಂಡರೆ ಕಾಯಬಾರದು, ತಕ್ಷಣ ನರ್ಸ್‌ಗೆ ಹೇಳಿ. ಹಾಗಂತ ನೀವೇ ಡ್ರಿಪ್ ನಿಲ್ಲಿಸಿ ಅಂತ ಪಟ್ಟು ಹಿಡಿಯಬೇಡಿ.

ಬೇರೆ ಆಂಟಿವೈರಲ್‌ಗಳ, ಅಂದರೆ ವೈರಸ್ ತಡೆಯುವ ಔಷಧಿಗಳ ಕಥೆ ಬೇರೆ. ಹೆಪಟೈಟಿಸ್ ಸಿಗೆ ಕೊಡುವ ಸೊಫೊಸ್ಬುವಿರ್ ಜೊತೆ ಹೃದಯದ ಲಯ ಸರಿಪಡಿಸಲು ಕೊಡುವ ಅಮಿಯೊಡರೋನ್ ಸೇರಿದರೆ ಬಡಿತ ಅಪಾಯದ ಮಟ್ಟಕ್ಕೆ ಇಳಿಯಬಹುದು ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲೇ ಎಚ್ಚರಿಸಿತ್ತು. ಕೋವಿಡ್‌ಗೆ ಕೊಡುವ ಪ್ಯಾಕ್ಸ್‌ಲೋವಿಡ್ ಮಾತ್ರೆಯಲ್ಲಿರುವ ರಿಟೊನಾವಿರ್ ಕೂಡ ಹಲವು ಹೃದಯದ ಮಾತ್ರೆಗಳ ಜೊತೆ ಹೊಂದುವುದಿಲ್ಲ. ಹಾಗಾಗಿ ಆಸ್ಪತ್ರೆಗೆ ಹೋಗುವಾಗ ದಿನಾ ನುಂಗುವ ಮಾತ್ರೆಗಳ ಸ್ಟ್ರಿಪ್‌ಗಳನ್ನೇ ತೆಗೆದುಕೊಂಡು ಹೋಗಿ. "ಬಿಳಿ ಮಾತ್ರೆ, ಬೆಳಿಗ್ಗೆ ಒಂದು" ಅಂದರೆ ಡಾಕ್ಟರಿಗೆ ಏನೂ ಗೊತ್ತಾಗುವುದಿಲ್ಲ ಅಲ್ವಾ? ಪಲ್ಸ್ ಇಳಿದಾಗ ಬಿಪಿ ಮಾತ್ರೆ ನಿಲ್ಲಿಸಿದ್ದರೆ, ಅದನ್ನು ಮತ್ತೆ ಯಾವಾಗ ಶುರು ಮಾಡಬೇಕು ಅಂತ ಡಿಸ್ಚಾರ್ಜ್ ದಿನ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ.