ಬಣ್ಣ ನೋಡಿ ಬಂದ ಮಕ್ಕಳು, ಒಳಗೆ ಏನಿದೆ ಅಂತ ಕೇಳಿದರು

ಹದಿಹರೆಯದವರಿಗೆ ಕಂಪ್ಯೂಟರ್ ಮಾರಬೇಕಾ, ಮೊದಲು ಅದು ಚೆಂದ ಕಾಣಬೇಕು. ಈಗ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. 1998ರವರೆಗೆ ಮಾತ್ರ ಹೆಚ್ಚಿನ ಕಂಪನಿಗಳು ಹೀಗೆ ಯೋಚಿಸಿಯೇ ಇರಲಿಲ್ಲ. ಕಂಪ್ಯೂಟರ್ ಅಂದರೆ ಮಾಸಲು ಬಿಳಿ ಬಣ್ಣದ ಡಬ್ಬ, ಅದರ ಪಕ್ಕ ಅದೇ ಬಣ್ಣದ ದಪ್ಪ ಮಾನಿಟರ್, ಹಿಂದೆ ವೈರುಗಳ ಗೋಜಲು. ಜಾಹೀರಾತಿನಲ್ಲಿ ಪ್ರೊಸೆಸರ್ ವೇಗ, ಹಾರ್ಡ್ ಡಿಸ್ಕ್ ಗಾತ್ರ, ಬೆಲೆ. ಓದುತ್ತಿದ್ದವರು ಅಪ್ಪಂದಿರು.

ಇದನ್ನು ಬದಲಿಸಿದ್ದು ಆಪಲ್‌ನ ಐಮ್ಯಾಕ್. 1997ರ ಹಣಕಾಸು ವರ್ಷದಲ್ಲಿ ಆಪಲ್ 100 ಕೋಟಿ ಡಾಲರ್‌ಗೂ ಜಾಸ್ತಿ ನಷ್ಟ ಮಾಡಿಕೊಂಡಿತ್ತು. ಕಂಪನಿಗೆ ಮರಳಿ ಬಂದಿದ್ದ ಸ್ಟೀವ್ ಜಾಬ್ಸ್ 1998ರ ಮೇ 6ರಂದು ಅಮೆರಿಕದ ಕ್ಯೂಪರ್ಟಿನೋದಲ್ಲಿ ಈ ಯಂತ್ರವನ್ನು ತೋರಿಸಿದರು. ಬೆಲೆ 1,299 ಡಾಲರ್. ಮನೆಯವರು, ಓದುವ ಮಕ್ಕಳು, ಇಂಟರ್ನೆಟ್ ಬೇಕು ಆದರೆ ತಲೆನೋವು ಬೇಡ ಅನ್ನುವವರು, ಇವರಿಗಾಗಿಯೇ ಮಾಡಿದ್ದು. 15 ಇಂಚಿನ ಪರದೆ, ಕಂಪ್ಯೂಟರ್, ಸ್ಪೀಕರ್, ಇಂಟರ್ನೆಟ್‌ಗೆ ಬೇಕಾದ ಮೋಡೆಮ್ ಎಲ್ಲ ಒಂದೇ ಪೆಟ್ಟಿಗೆಯಲ್ಲಿ, ಅಂದರೆ ಆಲ್-ಇನ್-ಒನ್. ನೀಲಿ-ಹಸಿರು ಪ್ಲಾಸ್ಟಿಕ್ ಮೈ, ಅದರೊಳಗಿನ ಭಾಗಗಳು ಮಸುಕಾಗಿ ಕಾಣುತ್ತಿದ್ದವು.

ವಿನ್ಯಾಸ ಮಾಡಿದ್ದು ಆಪಲ್‌ನ ವಿನ್ಯಾಸಕ ಜಾನಿ ಐವ್ ಅವರ ತಂಡ. ಅರೆಪಾರದರ್ಶಕ ಪ್ಲಾಸ್ಟಿಕ್‌ನಲ್ಲಿ ಬಣ್ಣ ಎಲ್ಲ ಕಡೆ ಒಂದೇ ಥರ ಬರಬೇಕಲ್ವಾ, ಅದನ್ನು ತಿಳಿಯಲು ಅವರು ಜೆಲ್ಲಿ ಮಿಠಾಯಿ ಮಾಡುವ ಕಾರ್ಖಾನೆಗೆ ಹೋಗಿ ನೋಡಿದ್ದರಂತೆ. ನನಗೆ ಇನ್ನೂ ಇಷ್ಟವಾಗುವುದು ಮೇಲಿನ ಹಿಡಿಕೆ. ಯಂತ್ರದ ತೂಕ ಹೆಚ್ಚುಕಡಿಮೆ 17 ಕಿಲೋ, ಯಾರೂ ಅದನ್ನು ದಿನಾ ಎತ್ತಿಕೊಂಡು ಓಡಾಡುವುದಿಲ್ಲ. ಆದರೂ ಹಿಡಿಕೆ ಇಟ್ಟರು. ಕಂಪ್ಯೂಟರ್ ಕಂಡರೆ ಹೆದರುವವರಿಗೆ ‘ಮುಟ್ಟು, ಏನೂ ಆಗಲ್ಲ’ ಅಂತ ಹೇಳಲಿಕ್ಕೆ ಅದು ಬೇಕು ಅನ್ನುವುದು ಐವ್ ಲೆಕ್ಕಾಚಾರ. ಇದನ್ನು ಬರೀ ಮಾರಾಟದ ತಂತ್ರ ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಬಳಸುವವರ ಭಯವನ್ನು ಅರ್ಥ ಮಾಡಿಕೊಂಡು ಮಾಡಿದ ಕೆಲಸ ಅದು.

ಜಾಹೀರಾತಿನ ದಾರಿಯೂ ಬೇರೆಯಾಯಿತು. ಒಂದರಲ್ಲಿ ಏಳು ವರ್ಷದ ಹುಡುಗ ತನ್ನ ನಾಯಿ ಜೊತೆ ಸೇರಿ ಐಮ್ಯಾಕ್ ಜೋಡಿಸಿ ಇಂಟರ್ನೆಟ್‌ಗೆ ಹೋಗಿಬಿಡುತ್ತಾನೆ, ಅತ್ತ ಎಂಬಿಎ ಓದುವವನು ಇನ್ನೊಂದು ಕಂಪನಿಯ ಕಂಪ್ಯೂಟರ್ ಬಿಡಿಸುತ್ತಾ ಕೂತಿರುತ್ತಾನೆ. 1999ರ ಜನವರಿಯಲ್ಲಿ ಐದು ಬಣ್ಣ ಬಂದವು. ಹೆಸರುಗಳು ಬ್ಲೂಬೆರಿ, ಗ್ರೇಪ್, ಟ್ಯಾಂಜರಿನ್, ಲೈಮ್, ಸ್ಟ್ರಾಬೆರಿ. ಅಂಗಡಿಯಲ್ಲಿ ನಿಂತ ಹುಡುಗಿ ‘ನನಗೆ ನೇರಳೆ ಬೇಕು’ ಅನ್ನಬಹುದಿತ್ತು, ಮೆಗಾಹರ್ಟ್ಸ್ ಅಂದರೇನು ಅಂತ ಗೊತ್ತಿಲ್ಲದೆಯೇ ತನ್ನ ಆಯ್ಕೆ ಹೇಳಬಹುದಿತ್ತು. ದುಡ್ಡು ಕೊಡುವವರು ಅಪ್ಪ ಅಮ್ಮ, ಆದರೆ ಮಾತು ಶುರು ಮಾಡುವವರು ಮಕ್ಕಳು. ಇಡೀ ವ್ಯಾಪಾರ ನಿಂತಿದ್ದೇ ಇದರ ಮೇಲೆ. ಈ ಐದು ಬಣ್ಣ ಬರುವ ಮೊದಲೇ, 1998ರಲ್ಲಿ ಮಾರಾಟ ಶುರುವಾದ ಮೊದಲ ಆರು ವಾರದಲ್ಲಿ 2,78,000 ಐಮ್ಯಾಕ್ ಮಾರಾಟವಾಗಿದ್ದವು. ಕೊಂಡವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಅದೇ ಮೊದಲ ಕಂಪ್ಯೂಟರ್ ಅಂತ ಆಪಲ್ ಹೇಳಿಕೊಂಡಿತು.

ಗೆದ್ದದ್ದು ಕಂಡ ಮೇಲೆ ನಕಲು ಬರದೆ ಇರುತ್ತಾ? 1999ರಲ್ಲೇ ಇಮೆಷೀನ್ಸ್ ಕಂಪನಿ ಇಒನ್ ಅನ್ನುವ ನೀಲಿ ಪೆಟ್ಟಿಗೆ ತಂದಿತು, ಆಪಲ್ ಕೋರ್ಟಿಗೆ ಹೋಯಿತು, ಕೊನೆಗೆ ರಾಜಿಯಾಯಿತು. ಅದೇ ಹೊತ್ತಿಗೆ ಇನ್ನೂ ಚಿಕ್ಕ ಮಕ್ಕಳಿಗೆ ಅಂತ ಪೇಟ್ರಿಯಟ್ ಕಂಪನಿಯ ಬಾರ್ಬಿ ಮತ್ತು ಹಾಟ್ ವೀಲ್ಸ್ ಕಂಪ್ಯೂಟರ್‌ಗಳು ಬಂದವು. ಅವು ಆಲ್-ಇನ್-ಒನ್ ಅಲ್ಲ, ಆದರೂ ಈ ಕಥೆಯಲ್ಲಿ ಅವನ್ನು ಬಿಡಲಾಗದು. ಹುಡುಗಿಯರಿಗೆ ಹೂವಿನದು, ಹುಡುಗರಿಗೆ ಬೆಂಕಿಯ ಜ್ವಾಲೆಯದು. ಕಲಿಕೆಯ ಸಾಫ್ಟ್‌ವೇರ್ ಮಾತ್ರ ಹುಡುಗಿಯರ ಯಂತ್ರದಲ್ಲಿ ಕಡಿಮೆ. ಮನುಷ್ಯ ದೇಹದ ರಚನೆ ತೋರಿಸುವ ಪ್ರೋಗ್ರಾಂ ಹುಡುಗರಿಗೆ ಸಿಕ್ಕಿತು, ಹುಡುಗಿಯರಿಗೆ ಸಿಗಲಿಲ್ಲ. ಇದನ್ನು ಓದಿದಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಮೈಮೇಲೆ ಹೂವು ಇದ್ದದ್ದಕ್ಕೆ ನನ್ನ ತಕರಾರಿಲ್ಲ, ಆ ಹೂವಿನ ಹಿಂದೆ ಕೊಟ್ಟದ್ದೇ ಕಡಿಮೆಯಾಯಿತಲ್ಲ.

ಐಮ್ಯಾಕ್‌ಗೂ ತೊಂದರೆ ಬಂದದ್ದು ಹೀಗೆ ಅಂದದ ಹಿಂದೆ ಬಿಟ್ಟುಹೋದದ್ದರಿಂದಲೇ. ಮೊದಲ ಮಾದರಿಯಲ್ಲಿ ಫ್ಲಾಪಿ, ಅಂದರೆ ಆಗ ಫೈಲು ಹೊತ್ತೊಯ್ಯುತ್ತಿದ್ದ ಚಪ್ಪಟೆ ಡಿಸ್ಕ್, ಹಾಕುವ ಡ್ರೈವ್ ಇರಲಿಲ್ಲ. ಶಾಲೆಯ ಕೆಲಸವೆಲ್ಲ ಫ್ಲಾಪಿಯಲ್ಲೇ ಓಡಾಡುತ್ತಿದ್ದ ಕಾಲ, ಹಾಗಾಗಿ ಬಣ್ಣಕ್ಕೆ ಹೊಂದುವ ಹೊರಗಿನ ಡ್ರೈವ್ ಬೇರೆಯಾಗಿ ಕೊಳ್ಳಬೇಕಾಯಿತು. ಮೌಸ್ ಪೂರ್ತಿ ದುಂಡಗಿತ್ತು, ನೋಡದೆ ಹಿಡಿದರೆ ಯಾವುದು ಮುಂದೆ ಯಾವುದು ಹಿಂದೆ ಗೊತ್ತಾಗದು. 2000ದಲ್ಲಿ ಅದನ್ನು ಕೈಬಿಟ್ಟರು.

ದೊಡ್ಡ ಪೆಟ್ಟು ಬಿದ್ದದ್ದು ಹಾಡಿನ ವಿಷಯದಲ್ಲಿ. 1999ರಲ್ಲಿ ಇಂಟರ್ನೆಟ್‌ನಲ್ಲಿ ಹಾಡು ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಬಂತು. ಹೈಸ್ಕೂಲ್, ಕಾಲೇಜು ಮಕ್ಕಳು ಹಾಡು ಇಳಿಸಿಕೊಂಡು, ತಮಗೆ ಬೇಕಾದ್ದನ್ನು ಆರಿಸಿ, ಸಿಡಿಗೆ ಬರೆದು ಗೆಳೆಯರಿಗೆ ಹಂಚತೊಡಗಿದರು. ಅದಕ್ಕೆ ಸಿಡಿ ಬರೆಯುವ ಡ್ರೈವ್ ಬೇಕು. ಬೇರೆ ಕಂಪನಿಗಳ ಬಣ್ಣಗೆಟ್ಟ ಡಬ್ಬಗಳಿಗೆ ಅದು ಬರತೊಡಗಿತ್ತು, ಇಲ್ಲದಿದ್ದರೂ ಮುಂದಿನ ಮುಚ್ಚಳ ತೆಗೆದು ಕೂರಿಸಿದರೆ ಆಯಿತು. ಐಮ್ಯಾಕ್ ವಿಡಿಯೋ ಎಡಿಟಿಂಗ್ ಕಡೆ ಗಮನ ಕೊಟ್ಟಿತ್ತು, ಸಿಡಿ ಬರೆಯಲು ಹೊರಗಿನ ಡ್ರೈವೇ ಗತಿ. ಆ ಅವಕಾಶ ಕೈತಪ್ಪಿತು ಅನ್ನಿಸಿತ್ತು ಅಂತ ಜಾಬ್ಸ್ ಆಮೇಲೆ ಒಂದು ಸಂದರ್ಶನದಲ್ಲಿ ತಾವೇ ಒಪ್ಪಿಕೊಂಡರು. 2001ರ ಜನವರಿಯಲ್ಲಿ ಹಾಡು ಜೋಡಿಸಿಟ್ಟು ಕೇಳುವ ಆಪಲ್‌ನ ಪ್ರೋಗ್ರಾಂ ಐಟ್ಯೂನ್ಸ್ ಬಂತು, ಫೆಬ್ರವರಿಯಲ್ಲಿ ಸಿಡಿ ಬರೆಯುವ ಐಮ್ಯಾಕ್. ಜೊತೆಗೆ ಹೂವಿನ ಚಿತ್ತಾರದ್ದೊಂದು, ನೀಲಿ ಮೇಲೆ ಬಿಳಿ ಚುಕ್ಕೆಯದ್ದೊಂದು ಮೈ. ಜನ ಆ ಹೂವಿನ ಬಗ್ಗೆಯೇ ಮಾತಾಡಿದರು, ಮಕ್ಕಳಿಗೆ ಬೇಕಿದ್ದದ್ದು ಆ ಡ್ರೈವ್.

ನಮ್ಮ ಕಡೆ ಈ ಗಲಾಟೆಯೇ ಇರಲಿಲ್ಲ ಅನ್ನಬಹುದು. ಆಗಿನ ಬೆಂಗಳೂರಲ್ಲಿ ಮನೆಗೆ ಕಂಪ್ಯೂಟರ್ ಅಂದರೆ ಹೆಚ್ಚಿನವರು ಎಸ್.ಪಿ. ರೋಡ್‌ಗೆ ಹೋಗಿ ‘ಅಸೆಂಬಲ್’ ಮಾಡಿಸುತ್ತಿದ್ದರು. ಮದರ್‌ಬೋರ್ಡ್ ಒಂದು ಅಂಗಡಿ, ಕ್ಯಾಬಿನೆಟ್ ಇನ್ನೊಂದು. ನೋಡಲು ಏನೂ ಚೆಂದವಿಲ್ಲ. ಆದರೆ ಮಗನೋ ಮಗಳೋ ಪಕ್ಕದಲ್ಲಿ ನಿಂತು ರ‍್ಯಾಮ್ ಎಷ್ಟು, ಸಿಡಿ ರೈಟರ್ ಹಾಕಿಸೋಣವಾ ಅಂತ ಕೇಳುತ್ತಿದ್ದರು, ಕೆಟ್ಟರೆ ಆ ಭಾಗ ಮಾತ್ರ ಬದಲಿಸುತ್ತಿದ್ದರು. ಅಂದ ಇರಲಿಲ್ಲ, ಅಧಿಕಾರ ಇತ್ತು.

ಆಮೇಲೆ ಲ್ಯಾಪ್‌ಟಾಪ್ ಅಗ್ಗವಾಯಿತು, ಮಕ್ಕಳ ಬಣ್ಣದ ಆಸೆ ಅದರ ಮೇಲೆ, ಕೊನೆಗೆ ಫೋನಿನ ಕವರ್ ಮೇಲೆ ಹೋಯಿತು. 2021ರಲ್ಲಿ ಆಪಲ್ ಮತ್ತೆ ಏಳು ಬಣ್ಣದ 24 ಇಂಚಿನ ಐಮ್ಯಾಕ್ ತಂದಿತು. ತೆಳುವಾಗಿದೆ, ನಿಜವಾಗಿಯೂ ಸುಂದರವಾಗಿದೆ. ಆದರೆ ಕೊಂಡ ದಿನ ಎಷ್ಟು ಮೆಮೊರಿ ಇತ್ತೋ ಅಷ್ಟೇ, ಆಮೇಲೆ ಹೆಚ್ಚಿಸಲು ಬರುವುದಿಲ್ಲ. ಒಳಗಿನ ಕಂಪ್ಯೂಟರ್ ಹಳೆಯದಾದ ಮೇಲೆ ಆ ಒಳ್ಳೆಯ ಪರದೆಗೆ ಕೇಬಲ್ ಹಾಕಿ ಇನ್ನೊಂದು ಕಂಪ್ಯೂಟರ್‌ಗೆ ಮಾನಿಟರ್ ಆಗಿ ಬಳಸಲೂ ಆಗುವುದಿಲ್ಲ. ಹದಿನೈದು ವರ್ಷದ ಮಗುವಿಗೆ ಕೊಡಿಸಿದರೆ ಅದು ಡಿಗ್ರಿ ಮುಗಿಸುವವರೆಗೂ ಇದೇ ಯಂತ್ರ ಅಂತ ಮನೆಯವರು ಲೆಕ್ಕ ಹಾಕಿರುತ್ತಾರೆ. ಹಾಗಾಗಿ ಯಾವ ಕಂಪನಿಯ ಆಲ್-ಇನ್-ಒನ್ ಆದರೂ ಸರಿ, ಬಣ್ಣ ಮಗುವೇ ಆರಿಸಲಿ, ಆದರೆ ಮೆಮೊರಿ ಆಮೇಲೆ ಹಾಕಿಸಬಹುದಾ, ಸ್ಕ್ರೀನ್ ಹೋದರೆ ರಿಪೇರಿಗೆ ಎಷ್ಟಾಗುತ್ತದೆ ಅಂತ ದುಡ್ಡು ಕೊಡುವ ಮೊದಲು ಅಂಗಡಿಯವರನ್ನು ಆ ಮಗುವಿನ ಎದುರಿಗೇ ಕೇಳಿ.