ಉಚಿತ ಸಲಹೆಗೆ ದುಡ್ಡು ಕೊಡುವವರು ಯಾರು?

ಇಂಗ್ಲೆಂಡಿನ ಕೌನ್ಸಿಲ್‌ಗಳು, ಅಂದರೆ ಸ್ಥಳೀಯ ಆಡಳಿತಗಳು, ಪ್ರತಿ ವರ್ಷ ಮಾರ್ಚ್ 11ರೊಳಗೆ ಮುಂದಿನ ಹಣಕಾಸು ವರ್ಷದ ಕೌನ್ಸಿಲ್ ಟ್ಯಾಕ್ಸ್ (ಮನೆ ತೆರಿಗೆ) ನಿಗದಿ ಮಾಡಬೇಕು. ಅದಕ್ಕೆ ಮುಂಚೆ ಬಜೆಟ್ ತಯಾರಾಗುವ ಎರಡು ಮೂರು ತಿಂಗಳು ನಮ್ಮಂಥ ಸಾಲ ಸಲಹೆಗಾರರಿಗೆ ಕಳವಳದ ಕಾಲ. ವೃದ್ಧರ ಆರೈಕೆ, ಮಕ್ಕಳ ರಕ್ಷಣೆ, ಮನೆಯಿಲ್ಲದವರಿಗೆ ನೆರವು, ಇವನ್ನೆಲ್ಲ ಕೌನ್ಸಿಲ್ ಮಾಡಲೇಬೇಕು ಅಂತ ಕಾನೂನಿದೆ. ಸಾಲದಲ್ಲಿ ಸಿಕ್ಕಿಬಿದ್ದವರಿಗೆ ಬಿಟ್ಟಿ ಸಲಹೆ ಕೊಡುವ ಸಂಸ್ಥೆಗೆ ಗ್ರಾಂಟ್ ಕೊಡಲೇಬೇಕು ಅಂತ ಇಲ್ಲ. ಹಾಗಾಗಿ ಖರ್ಚು ಕಡಿಮೆ ಮಾಡಬೇಕು ಅಂದ ತಕ್ಷಣ ಕಣ್ಣು ನಮ್ಮ ಕಡೆ ತಿರುಗುತ್ತದೆ. 2023ರಲ್ಲಿ ಬರ್ಮಿಂಗ್‌ಹ್ಯಾಮ್, ನಾಟಿಂಗ್‌ಹ್ಯಾಮ್ ಕೌನ್ಸಿಲ್‌ಗಳು ಸೆಕ್ಷನ್ 114 ನೋಟಿಸ್ ಹೊರಡಿಸಿದವು. ಬಜೆಟ್ ಸರಿದೂಗುತ್ತಿಲ್ಲ, ಕಡ್ಡಾಯವಲ್ಲದ ಹೊಸ ಖರ್ಚು ನಿಲ್ಲಿಸಿ ಅನ್ನುವ ನೋಟಿಸ್ ಅದು.

'ಸಿಟಿಜನ್ಸ್ ಅಡ್ವೈಸ್ ಇದೆಯಲ್ಲ, ಅದಕ್ಕೆ ಸರ್ಕಾರವೇ ಕೊಡುತ್ತದೆ ಅಲ್ವಾ?' ಎಂದು ತುಂಬಾ ಜನ ಕೇಳುತ್ತಾರೆ. 1939ರಲ್ಲಿ, ಬ್ರಿಟನ್ ಎರಡನೇ ಮಹಾಯುದ್ಧಕ್ಕೆ ಇಳಿದ ಮರುದಿನವೇ ಹುಟ್ಟಿದ ಉಚಿತ ಸಲಹಾ ಸೇವೆ ಅದು. ಹೆಸರು ಒಂದೇ ಆದರೂ ಊರೂರಿನ ಶಾಖೆ ಬೇರೆ ಬೇರೆ ಚಾರಿಟಿ. ತನ್ನ ದುಡ್ಡು ತಾನೇ ಹೊಂದಿಸಿಕೊಳ್ಳಬೇಕು. ಬ್ಯಾಂಕು, ಹಣಕಾಸು ಕಂಪನಿಗಳಿಂದ ಎತ್ತಿದ ಲೆವಿಯಿಂದ ಮನಿ ಆ್ಯಂಡ್ ಪೆನ್ಷನ್ಸ್ ಸರ್ವೀಸ್ ಎಂಬ ಸರ್ಕಾರಿ ಸಂಸ್ಥೆ ಹಣ ಕೊಡುತ್ತದೆ, ನಿಜ. ಆದರೆ ಅದು ಸಾಲದ ಕೇಸುಗಳಿಗೆ ಮೀಸಲು. ಬೆನಿಫಿಟ್ (ಸರ್ಕಾರದ ಭತ್ಯೆ) ಸಲಹೆಗೆ ಲೀಗಲ್ ಏಡ್ (ಸರ್ಕಾರದ ಕಾನೂನು ನೆರವಿನ ಹಣ) ಸಿಗುತ್ತಿತ್ತು. 2013ರ ಏಪ್ರಿಲ್‌ನಿಂದ ಅದೂ ಬಹುಮಟ್ಟಿಗೆ ನಿಂತಿತು. ಆಫೀಸಿನ ಬಾಡಿಗೆ, ಫೋನು, ಸ್ವಯಂಸೇವಕರ ತರಬೇತಿ, ಬೆನಿಫಿಟ್ ನೋಡುವವರ ಸಂಬಳ ಇವಕ್ಕೆ ಎಷ್ಟೋ ಕಡೆ ಆಸರೆ ಕೌನ್ಸಿಲ್ ಗ್ರಾಂಟ್. ಅದು ಹೋದರೆ ಉಳಿದ ಪ್ರಾಜೆಕ್ಟ್ ದುಡ್ಡಿಗೆ ನಿಲ್ಲಲು ನೆಲವೇ ಇರುವುದಿಲ್ಲ.

ಸಾಲ, ಬೆನಿಫಿಟ್ ಎರಡನ್ನೂ ಒಂದೇ ಕಡೆ ನೋಡಬೇಕು ಅಂತ ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಎಪ್ಪತ್ತೆಂಟು ವರ್ಷದ, ಒಬ್ಬರೇ ಇರುವ ಅಜ್ಜಿಯೊಬ್ಬರು ಕರೆಂಟ್ ಬಿಲ್ ಬಾಕಿ ಅಂತ ಬರುತ್ತಾರೆ ಎಂದುಕೊಳ್ಳಿ. ಕಂತು ಮಾಡಿಸಿ ಕಳಿಸಿದರೆ ಮತ್ತೆ ಬಾಕಿ ಬೀಳುತ್ತದೆ, ಯಾಕೆಂದರೆ ವರಮಾನವೇ ಸಾಲದು. ಅವರಿಗೆ ಅಟೆಂಡೆನ್ಸ್ ಅಲೋವೆನ್ಸ್ (ದಿನನಿತ್ಯದ ಆರೈಕೆಗೆ ಸಹಾಯ ಬೇಕಾದ ಹಿರಿಯರ ಭತ್ಯೆ) ಬರಬೇಕಿರಬಹುದು. 2025–26ರಲ್ಲಿ ಅದು ವಾರಕ್ಕೆ 73.90 ಅಥವಾ 110.40 ಪೌಂಡ್ ಇತ್ತು. ಆದಾಯ, ಉಳಿತಾಯ ನೋಡುವುದಿಲ್ಲ. ಆದರೆ ಆ ದಪ್ಪ ಫಾರ್ಮಿನಲ್ಲಿ 'ಸ್ನಾನಕ್ಕೆ ಸಹಾಯ ಬೇಕೇ?' ಎಂದಿದ್ದರೆ ಹಿರಿಯರು 'ಹೇಗೋ ಮಾಡ್ಕೋತೀನಿ' ಎಂದು ಬರೆದುಬಿಡುತ್ತಾರೆ. ಅರ್ಜಿ ಅಲ್ಲೇ ಬೀಳುತ್ತದೆ. ಟಬ್ಬಿನಿಂದ ಹೇಗೆ ಏಳ್ತೀರಿ, ಕೊನೆಯ ಸಲ ಯಾವಾಗ ಜಾರಿದಿರಿ, ಕಾಲುಚೀಲ ಹಾಕಿಕೊಳ್ಳಲು ಎಷ್ಟು ಹೊತ್ತು ಬೇಕು ಎಂದು ಪಕ್ಕದಲ್ಲಿ ಕೂತು ಕೇಳಬೇಕು. ಗಂಟೆಗಟ್ಟಲೆ ಹಿಡಿಯುತ್ತದೆ. ಅದು ಮಂಜೂರಾದರೆ ಪೆನ್ಷನ್ ಕ್ರೆಡಿಟ್ (ಕಡಿಮೆ ವರಮಾನದ ಹಿರಿಯರ ಭತ್ಯೆ) ಬಾಗಿಲು ತೆರೆಯಬಹುದು, ಕೌನ್ಸಿಲ್ ಟ್ಯಾಕ್ಸ್ ಪೂರ್ತಿ ಮನ್ನಾ ಆಗಬಹುದು. ಕೌನ್ಸಿಲ್ ಗ್ರಾಂಟ್ ಬಿಟ್ಟರೆ ಆ ಗಂಟೆಗಳಿಗೆ ಎಷ್ಟೋ ಕಡೆ ಬೇರೆ ಯಾರೂ ದುಡ್ಡು ಕೊಡುವುದಿಲ್ಲ.

ಇನ್ನೊಂದು ಮಾತು. ನಮ್ಮ ಹತ್ತಿರ ಬರುವ ಎಷ್ಟೋ ಜನ ಬಾಕಿ ಕಟ್ಟಬೇಕಿರುವುದು ಕೌನ್ಸಿಲ್‌ಗೇ. ಕ್ರೆಡಿಟ್ ಕಾರ್ಡಿನವರು ಜಾಸ್ತಿ ಫೋನ್ ಮಾಡುತ್ತಾರೆ, ಹೆದರಿಕೊಂಡು ಜನ ಅವರಿಗೇ ಮೊದಲು ಕಟ್ಟುತ್ತಾರೆ. ಕೌನ್ಸಿಲ್ ಟ್ಯಾಕ್ಸ್ ಸದ್ದಿಲ್ಲದೆ ಬೆಳೆಯುತ್ತದೆ. ಕಂತು ತಪ್ಪಿದರೆ ರಿಮೈಂಡರ್. ಆಗಲೂ ಕಟ್ಟದಿದ್ದರೆ ಕಂತಿನ ಸೌಲಭ್ಯ ಹೋಗಿ ವರ್ಷದ ಬಾಕಿಯೆಲ್ಲ ಒಂದೇ ಸಲ ಕಟ್ಟಬೇಕು. ಆಮೇಲೆ ಕೋರ್ಟಿನ ಲಯಬಿಲಿಟಿ ಆರ್ಡರ್ (ಬಾಕಿ ವಸೂಲಿಗೆ ಅನುಮತಿ ಕೊಡುವ ಆದೇಶ), ಆಮೇಲೆ ಬೇಲಿಫ್, ಅಂದರೆ ವಸೂಲಿಗೆ ಬರುವವರು. 2014ರ ನಿಯಮದಲ್ಲಿ ಕೇಸ್ ಬೇಲಿಫ್ ಕೈಗೆ ಹೋದರೆ 75 ಪೌಂಡ್ ಫೀ, ಮನೆಗೆ ಬಂದರೆ ಮತ್ತೆ 235 ಎಂದು ನಿಗದಿ ಮಾಡಿದರು. ಆ ದುಡ್ಡು ಸಾಲಕ್ಕೆ ಜಮೆಯಾಗುವುದಿಲ್ಲ.

ಇದನ್ನು ತಡೆಯಲು ದಾರಿ ಇದೆ. 2021ರಲ್ಲಿ ಬಂದ ಬ್ರೀದಿಂಗ್ ಸ್ಪೇಸ್ ಎಂಬ ಯೋಜನೆಯಲ್ಲಿ 60 ದಿನ ಬಡ್ಡಿ, ಬೇಲಿಫ್ ಎಲ್ಲ ನಿಲ್ಲುತ್ತದೆ. 50,000 ಪೌಂಡ್‌ವರೆಗೆ ಸಾಲವಿದ್ದು, ಆಸ್ತಿ, ವರಮಾನ ತೀರಾ ಕಡಿಮೆ ಇದ್ದವರಿಗೆ ಸಾಲ ಮನ್ನಾ ಮಾಡಿಸುವ ಡೆಟ್ ರಿಲೀಫ್ ಆರ್ಡರ್ ಇದೆ. ಅದರ 90 ಪೌಂಡ್ ಫೀಯನ್ನು 2024ರ ಏಪ್ರಿಲ್‌ನಲ್ಲಿ ತೆಗೆದೇ ಹಾಕಿದರು. ಆದರೆ ಎರಡಕ್ಕೂ ನೀವೇ ನೇರ ಅರ್ಜಿ ಹಾಕುವಂತಿಲ್ಲ. ಸಲಹೆಗಾರರ ಮೂಲಕವೇ ಹೋಗಬೇಕು. ಸಲಹೆಗಾರರೇ ಇಲ್ಲದ ಊರಿನಲ್ಲಿ ಈ ಹಕ್ಕು ಕಾಗದದ ಮೇಲಷ್ಟೇ.

ಗ್ರಾಂಟ್ ಕಿತ್ತರೆ ಉಳಿತಾಯವಾಗುತ್ತದೆ ಎಂದು ನನಗೆ ಅನಿಸುವುದಿಲ್ಲ. ಬಾಡಿಗೆ ಕಟ್ಟಲಾಗದೆ ಮನೆ ಬಿಟ್ಟವರನ್ನು ತಾತ್ಕಾಲಿಕ ವಸತಿಯಲ್ಲಿ ಇಡುವ ಖರ್ಚು ಅದೇ ಕೌನ್ಸಿಲ್‌ನ ಮೇಲೇ ಬೀಳುತ್ತದೆ. ಒಂದೊಂದೇ ವರ್ಷಕ್ಕೆ ಗ್ರಾಂಟ್ ಕೊಡುವ ಪದ್ಧತಿಯೂ ಹೋಗಬೇಕು. ಮಾರ್ಚ್ ನಂತರ ಕೆಲಸ ಇರುತ್ತೋ ಇಲ್ಲವೋ ಎಂದರೆ ಅನುಭವಿಗಳು ಉಳಿಯುವುದಿಲ್ಲ. ಕನಿಷ್ಠ ಮೂರು ವರ್ಷದ ಒಪ್ಪಂದ ಬೇಕು.

ಇಲ್ಲಿರುವ ನಮ್ಮ ಕನ್ನಡದವರಿಗೆ ಒಂದೆರಡು ವಿಷಯ. ವೀಸಾದಲ್ಲಿ 'ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್' (ಸರ್ಕಾರದ ಭತ್ಯೆ, ನೆರವು ಪಡೆಯುವಂತಿಲ್ಲ) ಎಂದಿದ್ದರೂ ಸಾಲದ ಸಲಹೆ ಪಡೆಯಬಹುದು, ಅದು ಪಬ್ಲಿಕ್ ಫಂಡ್ ಅಲ್ಲ. ಆದರೆ ಆದಾಯ ನೋಡಿ ಕೊಡುವ ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್ ಪಬ್ಲಿಕ್ ಫಂಡ್. ಸುಮ್ನೆ ಅರ್ಜಿ ಹಾಕಿ ವೀಸಾಗೆ ತೊಂದರೆ ತಂದುಕೊಳ್ಳಬೇಡಿ, ಮೊದಲು ಕೇಳಿ. ಒಬ್ಬರೇ ಇರುವವರಿಗೆ ಸಿಗುವ ಶೇ. 25ರ ರಿಯಾಯಿತಿಗೆ ಈ ಅಡ್ಡಿ ಇಲ್ಲ. ಎಲ್ಲರೂ ಪೂರ್ಣಾವಧಿ ವಿದ್ಯಾರ್ಥಿಗಳಾಗಿರುವ ಮನೆಗೆ ಟ್ಯಾಕ್ಸೇ ಇಲ್ಲ. ಇನ್ನು, ಚಳಿಗಾಲದಲ್ಲಿ ನಿಮ್ಮ ಕೌನ್ಸಿಲ್ ಬಜೆಟ್ ಬಗ್ಗೆ ಜನರ ಅಭಿಪ್ರಾಯ ಕೇಳಿದರೆ ಉತ್ತರ ಬರೆಯಿರಿ. ಸಲಹಾ ಸೇವೆಯ ಗ್ರಾಂಟ್ ಉಳಿಸಿ ಎಂದು ಎರಡು ಸಾಲು ಸಾಕು. ಟ್ಯಾಕ್ಸ್ ಕಟ್ಟುವ ನಿವಾಸಿ ನೀವು, ವೀಸಾ ಯಾವುದೇ ಇರಲಿ.